ಒಂದು ಬಕೆಟ್ಟಿನ ಜನಾಭಿಪ್ರಾಯ

ನಲವತ್ತು ಕುರ್ಚಿ ಹಾಕಿಸಿ, ಎಲ್ಲದರ ಮೇಲೂ ಫ್ಯಾನು ತಿರುಗಿಸಿ, ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸಂಪರ್ಕಾಧಿಕಾರಿಯ ಸಭೆಗೆ ಬಂದದ್ದು ಒಂದು ಬೆಕ್ಕು. ಅದೂ ಮೊದಲ ಸಾಲಿನಲ್ಲಿ ಕೂತು, ಒಮ್ಮೆ ಆಕಳಿಸಿ, ನಿದ್ದೆಹೋಯಿತು.

ಅವನ ಕಂಪನಿ ಆ ಬೀದಿಯ ತುದಿಯಲ್ಲಿ ಪರಿಸರಸ್ನೇಹಿ ಮನೆಗಳ ದೊಡ್ಡ ಕಟ್ಟಡ ಕಟ್ಟಲು ಹೊರಟಿತ್ತು. ನೀರು ಕಡಿಮೆ, ಕರೆಂಟು ಕಡಿಮೆ, ಗೋಡೆ ತುಂಬ ಬಳ್ಳಿ. ಅದಕ್ಕೆ ಪ್ರಮಾಣಪತ್ರ ಸಿಗಬೇಕಾದರೆ ಸುತ್ತಮುತ್ತಲಿನ ಜನರ ಅಭಿಪ್ರಾಯ ಕೇಳಲೇಬೇಕು. ಅದನ್ನು ಕಣ್ಣಾರೆ ನೋಡಲು ಪ್ರಮಾಣಪತ್ರ ಕೊಡುವವರ ಕಡೆಯಿಂದ ಒಬ್ಬ ಮೇಡಂ ಬರುವವರಿದ್ದರು. “ಜನ ಬರದಿದ್ರೆ ನಾಳೆಯಿಂದ ನೀವೂ ಬರ್ಬೇಡಿ,” ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಅವನು ಹೆಂಡತಿಗೆ ಫೋನು ಮಾಡಿದ. “ಯಾರನ್ನಾದ್ರೂ ಕಳ್ಸು. ನಿಂತ ಕಾಲಲ್ಲೇ ಕಳ್ಸು.”

“ಮನೇಲಿರೋದು ಅಪ್ಪ ಒಬ್ರೇ.”

ಮಗಳನ್ನು ನೋಡಿ ಹೋಗಲು ಬಂದಿದ್ದ ಮಾವನವರು ಹನಿ ನೀರೂ ಪೋಲಾಗದಂತೆ ಮನೆಯ ನಲ್ಲಿಗಳನ್ನು ಎಷ್ಟು ಬಿಗಿಯಾಗಿ ತಿರುಪಿದ್ದರೆಂದರೆ, ಬಿಡಿಸಲು ಪೈಲ್ವಾನರೇ ಬರಬೇಕಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿಯ ಗುಣ ವಿಚಾರಿಸುತ್ತಾನೆಯೇ? “ಕಳ್ಸು,” ಎಂದು ಪಕ್ಕದ ಕ್ಷೌರದಂಗಡಿಗೆ ಓಡಿದ.

“ಗಿರಾಕಿ ಬಿಟ್ಟು ಹೇಗೆ ಬರ್ಲಿ ಸ್ವಾಮಿ?” ಎಂದ ಕ್ಷೌರಿಕ.

“ಗಿರಾಕೀನೂ ಕರ್ಕೊಂಡೇ ಬನ್ನಿ.”

ಹೀಗೆ ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ ಇದ್ದ ಗಿರಾಕಿ ಬೆಕ್ಕಿನ ಪಕ್ಕ ಆಸೀನನಾದ.

ಮಾವನವರು ಬರುತ್ತಲೇ ಸಂಪರ್ಕಾಧಿಕಾರಿ ಬಾಗಿಲಲ್ಲಿ ಅಡ್ಡಹಾಕಿದ. “ಮಾವ, ನಾನು ನಿಮ್ಮ ಅಳಿಯ ಅಂತ ಬಾಯಿಬಿಡ್ಬೇಡಿ. ನೆಂಟರನ್ನ ಕೂರಿಸಿದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಏನು ಕೇಳಿದ್ರೂ ‘ಒಳ್ಳೇದು’ ಅನ್ನಿ, ಸಾಕು.”

“ಒಳ್ಳೇದಲ್ಲದಿದ್ರೆ?”

“ಆಗಲೂ ಒಳ್ಳೇದೇ.”

ಮಾವನವರು ತಲೆಯಾಡಿಸಿ ಒಳಗೆ ಹೋದರು. ಖಾಲಿ ಕುರ್ಚಿಗಳ ಮೇಲೆ ತಿರುಗುತ್ತಿದ್ದ ಫ್ಯಾನು ಕಂಡದ್ದೇ ತಡ, ಒಂದೊಂದಾಗಿ ಆರಿಸಿದರು. ಅಷ್ಟರಲ್ಲಿ ಮೇಡಂ ಬಂದರು. ಮ್ಯಾನೇಜರು ಪರದೆಯ ಮೇಲೆ ಚಿತ್ರ ತೋರಿಸುತ್ತ, “ನಮ್ಮ ಉಸಿರೇ ಪರಿಸರ,” ಎನ್ನುತ್ತಿದ್ದಂತೆ ಪರದೆ ಕಪ್ಪಾಯಿತು. ಮಾವನವರು ಮೇನ್ ಸ್ವಿಚ್ಚನ್ನೇ ತೆಗೆದಿದ್ದರು.

“ಹಾಡಹಗಲಲ್ಲಿ ದೀಪ ಹಚ್ಕೊಂಡು ಕರೆಂಟು ಉಳಿಸೋ ಮಾತಾ?” ಎಂದರು.

ಮ್ಯಾನೇಜರ ಮುಖ ಹುಳಿ ಹಿಂಡಿದ ಹಾಲಿನಂತಾಯಿತು. ಮೇಡಂ ಮಾತ್ರ ಕುರ್ಚಿಯ ತುದಿಗೆ ಬಂದರು. “ಹೇಳಿ ಹಿರಿಯರೇ, ನೀರಿನ ವಿಷ್ಯ?”

“ಸ್ನಾನಕ್ಕೆ ಒಂದೇ ಬಕೆಟ್. ಆ ನೀರು ಬಟ್ಟೆಗೆ, ಬಟ್ಟೆ ನೀರು ನೆಲಕ್ಕೆ, ನೆಲದ ನೀರು ಗಿಡಕ್ಕೆ.”

ತಾನೊಬ್ಬ ಸುಮ್ಮನಿದ್ದರೆ ಮರ್ಯಾದೆಯಲ್ಲವೆಂದು ಕ್ಷೌರಿಕನೂ ಎದ್ದ. “ನಿಮ್ಮ ಬಿಲ್ಡಿಂಗ್ ಎದ್ರೆ ನನ್ನಂಗಡಿಗೆ ಬೆಳಕಿಲ್ಲ. ಯಾರ ಕಿವಿ ಎಲ್ಲಿದೆ ಅಂತ ಕತ್ತಲಲ್ಲಿ ತಡಕ್ಲಾ?”

ಗಿರಾಕಿ ಮೆಲ್ಲನೆ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಕ್ಷೌರಿಕನ ದನಿ ಬೀದಿಗೆ ಕೇಳಿಸಿತು. ಕರೆದಾಗ ಬಾರದ ಜನ ಜಗಳ ಕೇಳಿ ಬಂದರು. ಕುರ್ಚಿ ಸಾಲದೆ ಗೋಡೆಗೆ ಒರಗಿದರು.

“ನಿಮ್ಮ ಮನೇಲಿ ಎಲ್ರೂ ಹೀಗೇ ಇದ್ದೀರಾ?” ಎಂದು ಮೇಡಂ ಮಾವನವರನ್ನು ಕೇಳಿದರು.

“ಎಲ್ಲಿಂದ ಬಂತು? ನಮ್ಮಳಿಯ ಒಂದು ಸಲ ಮಿಂದ್ರೆ ಕೆರೆ ಬತ್ತುತ್ತೆ. ಇವತ್ತು ಬಚ್ಚಲಲ್ಲಿ ಹಾಡು ಬೇರೆ.”

“ಯಾರು ನಿಮ್ಮ ಅಳಿಯ?”

ಸಂಪರ್ಕಾಧಿಕಾರಿ ಪರದೆಯ ಹಿಂದೆ ಸರಿದ. ಮಾವನವರು ಒಂದು ಗಳಿಗೆ ಯೋಚಿಸಿ, “ಒಳ್ಳೇದು,” ಎಂದರು.

“ಯಾರು ಅಂತ ಕೇಳ್ದೆ.”

“ಒಳ್ಳೇದು.”

ಹಿರಿಯರಿಗೆ ಕಿವಿ ಸ್ವಲ್ಪ ಮಂದವೆಂದು ಮೇಡಂ ಬಿಟ್ಟುಬಿಟ್ಟರು. ಪರದೆಯ ಹಿಂದಿದ್ದ ಅಳಿಯನಿಗೆ ಹೋದ ಜೀವ ಬಂದಂತಾಯಿತು.

ಗೋಡೆಗೆ ಒರಗಿದ್ದ ಹೆಂಗಸೊಬ್ಬಳು ಕೇಳಿದಳು: “ಇಷ್ಟು ನೀರಲ್ಲಿ ಸಂಸಾರ ಆಗುತ್ತೆ ಅಂತ ಏನು ಗ್ಯಾರಂಟಿ? ಮೊದ್ಲು ಯಾರಾದ್ರೂ ಬದುಕಿ ತೋರಿಸ್ಲಿ.” ಜನರೆಲ್ಲ ಹೌದು ಹೌದು ಎಂದರು.

ಮೇಡಂ ಮೇಜು ತಟ್ಟಿದರು. “ಸರಿಯಾದ ಮಾತು. ಈ ಹಿರಿಯರ ಮನೇನೇ ಮಾದರಿ ಮನೆ ಮಾಡೋಣ. ಆ ಅಳಿಯ ಸುಧಾರಿಸಿದ್ರೆ ಲೋಕದಲ್ಲಿ ಯಾರು ಬೇಕಾದ್ರೂ ಸುಧಾರಿಸ್ತಾರೆ. ಕಟ್ಟಡ ಮುಗಿಯೋವರೆಗೆ ನೀವೇ ನಿಂತು ನಡೆಸ್ಕೊಡ್ತೀರಾ?”

ಮಾವನವರು ಊರಿಗೆ ಹೋಗುವ ಯೋಚನೆಯನ್ನು ಅಲ್ಲೇ ಬಿಟ್ಟರು. “ಆಗ್ಲಿ. ಜನರ ಕೆಲಸ.”

ಚಪ್ಪಾಳೆ ಬಿತ್ತು. ಹಿಗ್ಗಿದ ಮ್ಯಾನೇಜರು ಪರದೆಯ ಹಿಂದೆ ಬಂದು ಸಂಪರ್ಕಾಧಿಕಾರಿಯ ಬೆನ್ನು ತಟ್ಟಿದರು. “ಭೇಷ್. ಇನ್ನು ಆ ಮನೆ ನಿಮ್ಮ ಉಸ್ತುವಾರಿ. ಆ ಅಳಿಯ ಒಂದು ಬಕೆಟ್ ಮೀರಿದ್ರೆ ಕೆಲಸ ಹೋಗೋದು ನಿಮ್ದು.”

ಸಂಜೆ ಅವನು ಬಚ್ಚಲಿಗೆ ಹೋದಾಗ ಬಕೆಟ್ಟು ಅರ್ಧವೇ ತುಂಬಿತ್ತು. ಬಾಗಿಲಾಚೆ ಮಾವನವರ ಕೆಮ್ಮು ಕೇಳಿಸುತ್ತಿತ್ತು.

“ಮಾವ, ನೀರು ಮುಗೀತು. ಸೋಪು ಇನ್ನೂ ಮೈಮೇಲೇ ಇದೆ.”

“ಇರ್ಲಿ ಬಿಡಪ್ಪಾ. ನಾಳೆ ಹಚ್ಚೋದು ಉಳೀತಲ್ಲ.”