ಗುರುಸ್ವಾಮಿಗಳ ಮೇಲು, ಮಾದಮ್ಮನ ಫೋನು

ಕೆಲಸ ಬಲ್ಲವನಿಗೇ ಕೆಲಸ ಒಪ್ಪಿಸುತ್ತಾರೆ ಎಂದು ನೀವು ನಂಬಿಕೊಂಡಿದ್ದರೆ, ದಯವಿಟ್ಟು ಒಮ್ಮೆ ಕೊಳ್ಳೇಗಾಲಕ್ಕೆ ಬಂದು ನಮ್ಮ ಕಾಲೇಜಿನ ಸ್ಟಾಫ್ ಮೀಟಿಂಗಿನಲ್ಲಿ ಕೂತು ನೋಡಿ. ನಾನು ಕನ್ನಡ ಮೇಷ್ಟ್ರು. ಒಂದು ದಿನ ಆಫೀಸಿನ ಪ್ರಿಂಟರು ಕೆಟ್ಟುಹೋಯಿತೆಂದು ಐದಾರು ಜನ ಅದರ ಸುತ್ತ ನಿಂತು ಚಿಂತಿಸುತ್ತಿದ್ದಾಗ ನಾನು ಗೋಡೆಯ ಸ್ವಿಚ್ಚು ಹಾಕಿದೆ. ಕಂಪ್ಯೂಟರ್ ವಿಭಾಗದಲ್ಲಿ ನನ್ನ ಒಟ್ಟು ಸಾಧನೆ ಅಷ್ಟೇ. ಹಳೆಯ ಈಮೇಲ್ ವ್ಯವಸ್ಥೆ ಮುಚ್ಚುತ್ತದೆ, ಎಲ್ಲರ ಮೇಲುಗಳನ್ನೂ ಹೊಸದಕ್ಕೆ ಸಾಗಿಸಬೇಕು, ಜೊತೆಗೆ ಕಂಪ್ಯೂಟರುಗಳ ಸಾಫ್ಟ್‌ವೇರನ್ನೂ ಹೊಸದು ಮಾಡಬೇಕು ಎಂದು ಸುತ್ತೋಲೆ ಬಂತು. ಕಂಪ್ಯೂಟರ್ ಸೈನ್ಸಿನ ಮೇಡಂ ಹೆರಿಗೆ ರಜೆಯಲ್ಲಿದ್ದರು. ಪ್ರಾಂಶುಪಾಲರು ಸಭೆಯನ್ನೆಲ್ಲ ಒಮ್ಮೆ ನೋಡಿ, "ನೀವಿದ್ದೀರಲ್ಲ, ಪ್ರಿಂಟರ್ ರಿಪೇರಿ ಮಾಡಿದೋರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಖುಷಿಯಾಯಿತು. ಇಪ್ಪತ್ತು ವರ್ಷ ಛಂದಸ್ಸು ಪಾಠ ಮಾಡಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಡ್ರಾಯಿಂಗ್ ಶೀಟು ತಂದು ಸ್ಕೆಚ್ ಪೆನ್ನಿನಲ್ಲಿ ಯೋಜನೆ ಬರೆದೆ. ಯಾವ ವಿಭಾಗ ಯಾವ ದಿನ, ಯಾರ ಕಂಪ್ಯೂಟರು ಯಾವ ಗಂಟೆಗೆ, ಎಲ್ಲವೂ ಮೂರು ಬಣ್ಣದಲ್ಲಿ. ಅದನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ, ಬರುವವರಿಗೆ ಹೋಗುವವರಿಗೆಲ್ಲ ವಿವರಿಸಿದೆ. ನನ್ನದೇ ಮೇಲುಗಳನ್ನು ಮೊದಲು ಸಾಗಿಸಿ ತೋರಿಸಿದೆ. ನಾಲ್ಕೇ ನಿಮಿಷ! ಯೋಜನೆಯಲ್ಲಿ ಇದ್ದದ್ದು ಒಂದೇ ತಪ್ಪು. ಮೊದಲು ಮೇಲು ಸಾಗಿಸಿ ಆಮೇಲೆ ಕಂಪ್ಯೂಟರಿನ ಸಾಫ್ಟ್‌ವೇರಿಗೆ ಕೈ ಹಾಕಬೇಕಿತ್ತು. ಶೀಟಿನಲ್ಲಿ ಹಸಿರು ಬಣ್ಣ ಮೇಲೆ ಇದ್ದರೆ ಚೆಂದ ಕಾಣುತ್ತದೆಂದು ನಾನು ಹಸಿರಿನಲ್ಲಿ ಬರೆದ ಸಾಫ್ಟ್‌ವೇರನ್ನು ಮೊದಲಿಗೆ ಇಟ್ಟಿದ್ದೆ.

ಇದರ ಫಲ ಉಂಡವರು ಸಸ್ಯಶಾಸ್ತ್ರದ ಗುರುಸ್ವಾಮಿಗಳು. ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ನಿವೃತ್ತಿಗೆ ಐದೇ ತಿಂಗಳು ಉಳಿದಿರುವ, ಯಾರ ತಂಟೆಗೂ ಹೋಗದ ಮನುಷ್ಯ. ಅವರ ಮೇಲು ಲ್ಯಾಬಿನ ಕಂಪ್ಯೂಟರಿನಲ್ಲಿ ಹತ್ತು ವರ್ಷದಿಂದ ಹಾಗೇ ತೆರೆದುಕೊಂಡೇ ಇತ್ತು. ಪಾಸ್‌ವರ್ಡ್ ಅನ್ನುವುದೊಂದು ಇದೆಯೆಂಬುದೇ ಅವರಿಗೆ ಮರೆತುಹೋಗಿತ್ತು. ನಾನು ಸಾಫ್ಟ್‌ವೇರ್ ಹೊಸದು ಮಾಡಿದ ಮರುಕ್ಷಣ ಬಾಗಿಲು ಮುಚ್ಚಿಕೊಂಡಿತು. "ಮೇಷ್ಟ್ರೇ, ಇದು ಏನೋ ಕೇಳ್ತಾ ಅದೆ" ಎಂದು ಅವರು ಮೆಲ್ಲಗೆ ಬಂದು ಹೇಳಿದಾಗ ಶುಕ್ರವಾರ ಸಂಜೆ. ಹಳೆಯ ವ್ಯವಸ್ಥೆ ಮುಚ್ಚುವುದು ಶನಿವಾರ ಸಂಜೆ ಐದು ಗಂಟೆಗೆ. ಅಷ್ಟರೊಳಗೆ ಒಪ್ಪಿಗೆ ಒತ್ತಿದರೆ ಉಳಿದ ಸಾಗಾಟ ತಾನೇ ನಡೆಯುತ್ತದೆ.

"ಮುಖ್ಯವಾದ್ದೇನಾದ್ರೂ ಇತ್ತಾ ಸರ್?" ಎಂದು ಕೇಳಿದೆ, ಇಲ್ಲ ಎನ್ನಲಿ ಎಂಬ ಆಸೆಯಿಂದ.

"ಮಕ್ಳ ಕಾಗದಗಳು. ಬೇರೆ ಏನಿಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮರೆತ ಪಾಸ್‌ವರ್ಡಿಗೂ ದಾರಿಯಿತ್ತು. ಖಾತೆಗೆ ಕೊಟ್ಟ ಫೋನ್ ನಂಬರಿಗೆ ಆರಂಕಿಯ ಓಟಿಪಿ ಬರುತ್ತದೆ, ಅದನ್ನು ಒತ್ತಿದರೆ ಸಾಕು. ನಂಬರು ಗುರುಸ್ವಾಮಿಗಳದ್ದಲ್ಲ. ಅವರಲ್ಲಿ ಆಗ ಫೋನೇ ಇರಲಿಲ್ಲವಂತೆ. ಖಾತೆ ಮಾಡಿಕೊಟ್ಟ ವಿದ್ಯಾರ್ಥಿನಿ ಶಶಿಕಲಾ ತನ್ನ ನಂಬರನ್ನೇ ಹಾಕಿದ್ದಳು. ಆ ನಂಬರಿಗೆ ಮಾಡಿದರೆ ಕರೆ ಹೋಗಲೊಲ್ಲದು. ಅವಳೀಗ ಹನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆಂದು ತಿಳಿಯಿತು. ಶನಿವಾರ ಕ್ಲಾಸು ಮುಗಿಸಿ ಗುರುಸ್ವಾಮಿಗಳನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಕಾಮಗೆರೆ ದಾಟುವವರೆಗೂ ನಾನು ಕ್ಷಮೆ ಕೇಳುತ್ತಿದ್ದೆ, ಅವರು ರಸ್ತೆಬದಿಯ ಗಿಡಗಳ ಹೆಸರು ಹೇಳುತ್ತಿದ್ದರು.

ಶಶಿಕಲಾ ಗುರುಗಳನ್ನು ಕಂಡವಳೇ ಹೊಲಿಗೆ ಬಿಟ್ಟು ಎದ್ದು ಕಾಲು ಮುಟ್ಟಿದಳು. ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ಸಾ, ಆ ಸಿಮ್ಮು ನಮ್ಮತ್ತೆ ಫೋನಲ್ಲಿ ಅದೆ. ಅತ್ತೆ ನೆನ್ನೆನೇ ಬೆಟ್ಟಕ್ಕೆ ನಡ್ಕಂಡು ಓದ್ರು!"

ಹೀಗೆ ನಮ್ಮ ಕಾಲೇಜಿನ ಮೇಲು ಸಾಗಾಟದ ಯೋಜನೆ ಮಾದೇಶ್ವರನ ಬೆಟ್ಟದ ದಾರಿಯಲ್ಲಿ ಶಶಿಕಲಾಳ ಅತ್ತೆ ಮಾದಮ್ಮನ ಸೊಂಟದ ಚೀಲದಲ್ಲಿ ಹೋಗುತ್ತಿತ್ತು. ಕಾಡಿನ ರಸ್ತೆ, ನೆಟ್‌ವರ್ಕ್ ಇಲ್ಲ. ಶಶಿಕಲಾ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಲೇ ಇದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕೂಕಾಲಿಗೆ ಬೆಟ್ಟದ ಬುಡದಿಂದ ಕೂಗು ಕೇಳಿತು: "ಯಾರಮ್ಮೀ ಅದು? ತಾಳಬೆಟ್ಟದಲ್ಲಿ ಕೂತಿವ್ನಿ, ಕಾಲು ನೋಯ್ತದೆ."

ನಾನು ಫೋನು ಕಸಿದುಕೊಂಡು, "ಅಮ್ಮಾ, ಈಗ ನಿಮ್ಮ ಫೋನಿಗೆ ಒಂದು ನಂಬರ್ ಬರುತ್ತೆ, ಅದನ್ನ ಹೇಳಿ" ಎಂದೆ.

"ನಂಬರ್ ಕೇಳೋರ್ಗೆ ಏಳ್ಬ್ಯಾಡಿ ಅಂತ ಬ್ಯಾಂಕ್ನೋರು ಏಳವ್ರೆ. ನೀ ಯಾರ್ಲಾ ಕಳ್ಳ?"

ನಾನು ಕಳ್ಳನಲ್ಲವೆಂದು ಸೊಸೆ ಸಾಕ್ಷಿ ಹೇಳಿದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಮಾದಮ್ಮನಿಗೆ ಓದು ಬಾರದು. "ಇಲ್ಲೊಬ್ರು ತಮಿಳ್ನೋರು ಕೂತವ್ರೆ, ಅವ್ರ ತಾವ ಕೊಡ್ತೀನಿ ಇರಪ್ಪ" ಎಂದರು. ಆ ಯಾತ್ರಿಕರು ಗಂಟಲು ಸರಿಮಾಡಿಕೊಂಡು ಓದತೊಡಗಿದರು: "ನಾಲು... ಏಳು... ಪೂಜ್ಯಂ..."

ನನಗೆ ಸಂಕೋಚವಾಯಿತು. "ಪೂಜ್ಯರು ಗೀಜ್ಯರು ಏನೂ ಬೇಡ ಸ್ವಾಮಿ, ನಾನು ಸಾಧಾರಣ ಮೇಷ್ಟ್ರು. ನಂಬರ್ ಹೇಳಿ ಸಾಕು."

"ಪೂಜ್ಯಂ ಸಾಮಿ, ಪೂಜ್ಯಂ!"

"ನಿಮ್ಮ ದೊಡ್ಡ ಗುಣ, ಆದರೆ ಹಾಗೆಲ್ಲ ಕರೀಬೇಡಿ..."

ಗಡಿಯ ಕಡೆಯ ಊರಲ್ಲಿ ಹುಟ್ಟಿ ಬೆಳೆದ ಶಶಿಕಲಾ ಹೊಟ್ಟೆ ಹಿಡಿದುಕೊಂಡು ನಗುತ್ತ, "ಪೂಜ್ಯಂ ಅಂದ್ರೆ ತಮಿಳಲ್ಲಿ ಸೊನ್ನೆ ಸಾ" ಎಂದಳು. ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಎರಡನೆಯ ಸಲ ಫೋನನ್ನು ಅವಳ ಕೈಗೇ ಕೊಟ್ಟೆ. ಅವಳು ಕೇಳಿ ಕೇಳಿ ಕನ್ನಡದಲ್ಲಿ ಹೇಳಿದಳು, ನಾನು ನನ್ನ ಫೋನಿನಲ್ಲಿ ಒತ್ತಿದೆ. ಬಾಗಿಲು ತೆರೆಯಿತು. ಸಾಗಾಟಕ್ಕೆ ಒಪ್ಪಿಗೆ ಕೊಟ್ಟಾಗ ಗಂಟೆ ಐದಾಗಲು ಇನ್ನು ಹನ್ನೆರಡು ನಿಮಿಷ. ಮಾದಮ್ಮ ಆಕಡೆಯಿಂದ, "ಆಯ್ತಾ? ನಿಮ್ಮೆಸ್ರಲ್ಲೂ ಮಾದಪ್ಪನ್ಗೆ ಒಂದು ಕಾಯಿ ಒಡಿಸ್ತೀನಿ, ಫೋನ್ ಮಡುಗ್ಲಾ?" ಎಂದು ಕೇಳಿ ಮೆಟ್ಟಿಲ ಕಡೆ ಹೊರಟರು.

ಅಂಗಡಿಯಲ್ಲಿ ಟೀ ಕುಡಿಯುತ್ತ ಗುರುಸ್ವಾಮಿಗಳು ನನ್ನ ಫೋನಿನಲ್ಲೇ ತಮ್ಮ ಮೇಲುಗಳನ್ನು ಸರಿಸಿ ನೋಡುತ್ತಿದ್ದರು. ಮುಗಿಯುವುದೇ ಇಲ್ಲ. ಎಂದೋ ಓದಿ ಹೋದ ಮಕ್ಕಳೆಲ್ಲ ಗಿಡ, ಎಲೆ, ಕಾಯಿಗಳ ಫೋಟೋ ಕಳಿಸಿದ್ದಾರೆ. 'ಸಾ, ಒಡೆಯರಪಾಳ್ಯದ ದಾರೀಲಿ ಸಿಕ್ತು, ಇದ್ರ ಹೆಸ್ರೇನು?' 'ಸಾ, ನಮ್ ಕರ ಈ ಎಲೆ ತಿಂದ್ಬುಟ್ಟದೆ, ಏನಾರ ಆದದಾ?' ಪ್ರತಿಯೊಂದರ ಕೆಳಗೂ ಗುರುಸ್ವಾಮಿಗಳ ಉತ್ತರವಿತ್ತು. ಕರುವಿನ ಮಾಲೀಕನಿಗೆ ಒಂದೇ ಸಾಲು: 'ಮೇಲು ಮಾಡುತ್ತ ಕೂರಬೇಡ, ಮೊದಲು ದನದ ಡಾಕ್ಟರ ಬಳಿಗೆ ಓಡು.' ಮೂರು ದಿನ ಬಿಟ್ಟು ಕರುವಿನ ಫೋಟೋ ಬಂದಿತ್ತು. ಅದು ಕ್ಯಾಮೆರಾವನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

ಸೋಮವಾರ ಪ್ರಾಂಶುಪಾಲರು ನನ್ನ ಬೆನ್ನು ತಟ್ಟಿದರು. ಆದರೆ ನನಗೆ ಒಂದು ಹುಳ ತಲೆ ಹೊಕ್ಕಿತ್ತು. ಗುರುಸ್ವಾಮಿಗಳ ಮೇಲುಗಳು ಸಾಗಿ ಮುಗಿಯಲು ಭಾನುವಾರವೂ ಸಾಲದಾಗಿತ್ತು, ನನ್ನದು ಹೇಗೆ ನಾಲ್ಕು ನಿಮಿಷಕ್ಕೆ ಮುಗಿಯಿತು? ತೆರೆದು ನೋಡಿದೆ. ಸುತ್ತೋಲೆ, ಜಾಹೀರಾತು, ಮತ್ತೆ ಸುತ್ತೋಲೆ. ತಳದಲ್ಲಿ ಒಂದೇ ಒಂದು ವಿದ್ಯಾರ್ಥಿಯ ಕಾಗದ, ಎಂಟು ವರ್ಷದ ಹಿಂದಿನದು, ನಾನು ತೆರೆದೇ ಇರಲಿಲ್ಲ. 'ಸಾ, ನಾನು ಸೆಕೆಂಡ್ ಬಿಎ ನಂಜುಂಡ. ಒಂದು ಪದ್ಯ ಬರ್ದಿವ್ನಿ. ಹೆಂಗದೆ ನೋಡಿ ಹೇಳ್ತೀರಾ?'

ಪದ್ಯ ಅವನ ಊರಿನ ಬಸ್ಸಿನ ಬಗ್ಗೆ. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ನಾಚಿಕೆಯನ್ನು ಮುಚ್ಚಿಕೊಳ್ಳಲು ಉದ್ದವಾದ ಉತ್ತರ ಬರೆದೆ. ಹೊಗಳಿ, ಮೇಷ್ಟ್ರಾದ ತಪ್ಪಿಗೆ ಕೊನೆಯಲ್ಲಿ ಎರಡು ಕಾಗುಣಿತದ ತಪ್ಪನ್ನೂ ತೋರಿಸಿ ಕಳಿಸಿದೆ. ಮಧ್ಯಾಹ್ನದೊಳಗೇ ಉತ್ತರ ಬಂತು.

'ಸಾ, ಬಾಳ ಸಂತೋಸ. ಈಗ ನಾನು ರೇಷ್ಮೆ ಸಾಕ್ಕಂಡಿವ್ನಿ, ಇಬ್ರು ಮಕ್ಳು. ನೀವು ತೋರ್ಸಿದ ಮೊದಲ್ನೇದು ತಪ್ಪಲ್ಲ ಸಾ, ನಮ್ಮೂರಲ್ಲಿ ಅಂಗೇ ಅನ್ನೋದು. ಇನ್ನೊಂದು ಪದ್ಯ ಬರ್ದಿವ್ನಿ, ಕಳ್ಸಿವ್ನಿ ನೋಡಿ. ಅರ್ಜೆಂಟೇನಿಲ್ಲ. ಇನ್ನೆಂಟು ವರ್ಸಕ್ಕೆ ಹೇಳಿದ್ರೂ ಸಾಕು.'