ಹೆಪ್ಪಿನ ಪಕ್ಕದ್ದು

ಕೋಳಿ ಸಾಕುವವನನ್ನು ಕಟ್ಟಿಕೊಂಡರೆ ಫ್ರಿಜ್ಜು ನಿನ್ನದಾಗಿರುವುದಿಲ್ಲ ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ನಮ್ಮದರೊಳಗೆ ಮೊದಲು ಬಂದು ಕೂತದ್ದು ಪ್ರೋಬಯೋಟಿಕ್ ಪುಡಿಯ ಡಬ್ಬಿ. ನೀರಿಗೆ ಬೆರೆಸಿ ಕುಡಿಸಿದರೆ ಬ್ರಾಯ್ಲರ್ ಕೋಳಿಯ ಹೊಟ್ಟೆಯಲ್ಲಿ ಸಭ್ಯ ಸೂಕ್ಷ್ಮಜೀವಿಗಳು ಸಂಸಾರ ಹೂಡಿ, ತಿಂದದ್ದು ಮೈಗೆ ಹತ್ತಿ, ರಕ್ತ ಏರುತ್ತದಂತೆ. ಆ ಉದ್ದನೆಯ ಹೆಸರಿಗೆ ನಾಲಿಗೆ ಹೊರಳದೆ ನನ್ನ ಗಂಡ ಅದನ್ನು 'ಹೆಪ್ಪು' ಎಂದು ಕರೆದುಬಿಟ್ಟರು. ("ಮೊಸರಿಗೆ ಹಾಕೋ ಹೆಪ್ಪಿನ ಅಕ್ಕ ಕಣೇ ಇದು!") ಆಮೇಲೆ ಬಂದದ್ದು ಕೋಳಿ ರಕ್ತ. ಏರಿದೆಯೋ ಇಲ್ಲವೋ ಪರೀಕ್ಷಿಸಲು ರೆಕ್ಕೆಯಡಿಯಿಂದ ತೆಗೆದು, ನೇರಳೆ ಮುಚ್ಚಳದ ಕೊಳವೆಗೆ ತುಂಬಿ, ನನ್ನ ಹಾಲಿನ ನೆರೆಗೆ ಇಡುತ್ತಿದ್ದರು.

ಅತ್ತ ಕೋಳಿಗಳ ಜುಟ್ಟು ಕೆಂಪೇರುತ್ತಿತ್ತು, ಇತ್ತ ಅತ್ತೆ ಬಿಳಿಚುತ್ತಿದ್ದರು. ಹನ್ನೆರಡಿರಬೇಕಾದ ರಕ್ತ ಆರಕ್ಕಿಳಿದಿತ್ತು. ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಲೇಬೇಕು ಎಂದಿದ್ದರು ಡಾಕ್ಟರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನಿನ್ನ ಮಾವನ್ನ ಅಲ್ಲಿಗೆ ನಡೆಸ್ಕೊಂಡೇ ಹೋದೆ. ವಾಪಸ್ ಬಂದಿದ್ದು ನಾನೊಬ್ಬಳೇ. ನಾನಂತೂ ಅಲ್ಲಿಗೆ ಕಾಲಿಡಲ್ಲಮ್ಮ."

ಮನೆಯಲ್ಲೇ ಮತ್ತೊಮ್ಮೆ ರಕ್ತ ತೆಗೆಸಿದೆವು. ಆ ಕೊಳವೆಯೂ ಫ್ರಿಜ್ಜು ಸೇರಿತು. ಅಲ್ಲಿಗೆ ಕೋಳಿಗೂ ಅತ್ತೆಗೂ ರಕ್ತಸಂಬಂಧ ಕುದುರಿತು! ಅಂಟಿಸಿದ್ದ ಚೀಟಿಗಳೆರಡೂ ತೇವಕ್ಕೆ ಕಳಚಿ ಬಿದ್ದಿದ್ದವು.

ಸಂಜೆ ಲ್ಯಾಬಿನವನು ಬಂದು, ಬೈಕಿನಿಂದಿಳಿಯದೆ ಹಾರ್ನ್ ಒತ್ತಿದ. ನಾನು ಫ್ರಿಜ್ಜು ತೆರೆದು ಗಂಡನನ್ನು ಕೂಗಿದೆ.

"ರೀ, ಅತ್ತೇದು ಯಾವುದು?"

ಕೋಳಿ ಶೆಡ್ಡಿನಿಂದ ಉತ್ತರ ಬಂತು: "ಹೆಪ್ಪಿನ ಪಕ್ಕದ್ದು!"

"ಬಂದು ನೋಡಿ ಹೇಳ್ರೀ!"

"ಹೆಪ್ಪು ಅಂದ್ರೆ ಗೊತ್ತಿಲ್ವೇನೇ? ಕಾನ್ವೆಂಟಲ್ಲಿ ಅದನ್ನೂ ಕಲಿಸಲಿಲ್ವಾ?"

ಕಾನ್ವೆಂಟಿನ ಸುದ್ದಿಗೆ ಬಂದರೆ ನಾನು ಸುಮ್ಮನಿರುವವಳಲ್ಲ. ಹೆಪ್ಪು ಗೊತ್ತಿಲ್ಲದ ಗೃಹಿಣಿಯೇ ನಾನು? ಮೊಸರಿಗೆಂದು ತೆಗೆದಿಟ್ಟಿದ್ದ ಹೆಪ್ಪಿನ ಬಟ್ಟಲ ಪಕ್ಕದ ಕೊಳವೆಯನ್ನು ಠೀವಿಯಿಂದ ಕೊಟ್ಟು ಕಳಿಸಿದೆ. ಉಳಿದದ್ದನ್ನು ಗಂಡ ಕೋಳಿ ಡಾಕ್ಟರಿಗೆ ಮುಟ್ಟಿಸಿ ಬಂದರು.

ಮರುದಿನ ಲ್ಯಾಬಿನಿಂದ ಫೋನು. ರಕ್ತ ಹನ್ನೊಂದು!

"ಹನ್ನೊಂದಾ? ನನಗಾ?" ಅತ್ತೆ ಎದ್ದು ಕೂತರು. ಬಾಚಣಿಗೆ ಕೇಳಿದರು. ಹಾಕಿದ್ದನ್ನೆಲ್ಲ ತಿಂದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಇದೇನು ತರಕಾರಿ ಹೆಚ್ಚಿದ್ದೋ, ಸೌದೆ ಸೀಳಿದ್ದೋ?" ಎಂದು ಬೈದರು. ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ಇನ್ನೂ ಸ್ವಲ್ಪ ಬೈಯಲಿ ಎಂದು ಮತ್ತಷ್ಟು ದಪ್ಪ ಹೆಚ್ಚಿದೆ.

ಅಷ್ಟರಲ್ಲಿ ಕೋಳಿ ಡಾಕ್ಟರ ಫೋನು ಬಂತು.

"ಅಲ್ಲಮ್ಮಾ, ಕೋಳಿ ರಕ್ತಕಣದ ನಡುವೆ ಬೀಜದ ಥರ ಒಂದು ಚುಕ್ಕೆ ಇರುತ್ತೆ. ನೀವು ಕಳಿಸಿದ್ರಲ್ಲಿ ಇಲ್ಲವೇ ಇಲ್ಲ. ಇದು ಮನುಷ್ಯರದ್ದು. ಯಾರದ್ದೋ ಗೊತ್ತಿಲ್ಲ, ಐದೂ ಇಲ್ಲ ಕಣಮ್ಮಾ. ತಡ ಮಾಡಬೇಡಿ."

ಗಂಡನ ಹೆಪ್ಪು ಡಬ್ಬಿಯಲ್ಲಿತ್ತು, ನನ್ನದು ಬಟ್ಟಲಲ್ಲಿ. ಪುಡಿ ಕುಡಿದ ಯಾವುದೋ ಕೋಳಿಗೆ ಹನ್ನೊಂದು ಏರಿತ್ತು. ನನ್ನ ರಕ್ತ ನಿಂತಲ್ಲೇ ಹೆಪ್ಪುಗಟ್ಟಿತು. (ಈ ಮೂರನೆಯ ಅರ್ಥ ಬೇಕೆಂದು ಯಾರೂ ಕೇಳಿರಲಿಲ್ಲ.)

"ಏನೇ ಇದು, ಮುಖ ಸುಣ್ಣ ಬಳಿದ ಹಾಗಾಗಿದೆ!" ಅತ್ತೆ ನನ್ನ ಗದ್ದ ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ನಿನಗೇ ರಕ್ತ ಇಲ್ವಲ್ಲೇ!"

ನಿಜ ನಾಲಿಗೆ ತುದಿಗೆ ಬಂದಿತ್ತು. ಬಾಚಿಕೊಂಡಿದ್ದ ಆ ಬಿಳಿ ತಲೆಯನ್ನು ನೋಡಿ ನುಂಗಿಕೊಂಡೆ.

"ಹೌದಂತೆ ಅತ್ತೆ. ಆಸ್ಪತ್ರೆಗೆ ಹೋಗ್ಬೇಕಂತೆ. ಒಬ್ಬಳೇ ಹೋಗೋಕೆ ಭಯ ಆಗುತ್ತೆ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲಾಚೆ ಬಗ್ಗಿ ನೋಡಿದರು. ಆಮೇಲೆ, "ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯ?" ಎಂದರು.

ಆಸ್ಪತ್ರೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನಿಂತು ನಿಂತು ಹತ್ತಿದರು. ನಾನೆಲ್ಲಿ ಬಿದ್ದುಬಿಡುತ್ತೇನೋ ಎಂದು ನನ್ನ ತೋಳನ್ನು ಮಾತ್ರ ಬಿಡಲಿಲ್ಲ. ಗಂಡ ಮುಂಚೆಯೇ ಒಳಗೆ ಹೋಗಿ ಎಲ್ಲವನ್ನೂ ಪಿಸುಗುಟ್ಟಿದ್ದರು. ನರ್ಸು ಸೂಜಿ ಹಿಡಿದು ಬಂದಾಗ, ಅತ್ತೆ ತಾವೇ ಮಂಚದ ಮೇಲೆ ಒರಗಿ ಕೈ ಚಾಚಿದರು.

"ನನಗೆ ಹನ್ನೊಂದಿದೆ. ಎಷ್ಟು ಬೇಕೋ ತಗೊಂಡು ಇವಳಿಗೆ ಹಾಕಮ್ಮ. ಜೋಕು ಹೊಡೆಯೋದು ಬಿಟ್ರೆ ಇವಳಿಗೆ ಒಂದೂ ಕೆಲಸ ಬರಲ್ಲ. ಆದರೂ ಮನೇಲಿ ಇರಬೇಕು."