ಷಡ್ಡಕನಿಗೆ ಬುದ್ಧಿ ಹೇಳಿದ್ದು

ಪ್ರತಿಯೊಂದು ಕುಟುಂಬದಲ್ಲೂ ಬುದ್ಧಿ ಹೇಳುವವರು ಎಂಬ ಒಂದು ಹುದ್ದೆ ಇರುತ್ತದೆ. ಅದಕ್ಕೆ ಅರ್ಜಿ ಕರೆಯುವುದಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಒಂದೇ ಕಡೆ ಬಹಳ ಕಾಲ ಅಲುಗದೆ ಕೂತವನನ್ನು ನೋಡಿದರೆ ಜನಕ್ಕೆ ಅವನಲ್ಲಿ ತೂಕವಿದೆ ಎಂದು ತೋರುತ್ತದೆ. ಹುದ್ದೆ ಅವನ ಕೊರಳಿಗೆ ಬೀಳುತ್ತದೆ. ನನ್ನ ಹೆಂಡತಿಯ ತವರಿನವರು ನನ್ನನ್ನು ನೇಮಿಸಿಕೊಂಡದ್ದು ಹೀಗೆಯೇ. ಮಸ್ಕತ್ತಿಗೆ ಬಂದ ಮೇಲೆ ನಾನು ಕಂಪನಿ ಬದಲಿಸಲಿಲ್ಲ, ಅಲ್ ಗುಬ್ರಾದ ಫ್ಲಾಟು ಬದಲಿಸಲಿಲ್ಲ, ಖುರುಮ್‌ನ ಆಫೀಸಿಗೆ ಹೋಗುವ ದಾರಿಯನ್ನೂ ಬದಲಿಸಲಿಲ್ಲ. ಇದಕ್ಕೆ ನಿಜವಾದ ಕಾರಣ ಹೆದರಿಕೆ. ಮೈಸೂರಿನಲ್ಲಿ ಮಾತ್ರ ಸ್ಥಿರಚಿತ್ತ ಎಂದು ಪ್ರಚಾರವಾಗಿದೆ, ನಾನೂ ತಿದ್ದಲು ಹೋಗಿಲ್ಲ. ಎಂಜಿನಿಯರಿಂಗ್ ಬಿಟ್ಟು ಕೊಳಲು ಹಿಡಿದ ಸೋದರಳಿಯನೊಬ್ಬನಿಗೆ ಫೋನಿನಲ್ಲಿ ನಾನು ಸುದೀರ್ಘವಾಗಿ ಬುದ್ಧಿ ಹೇಳಿದ್ದುಂಟು. ಅವನು ಈಗಲೂ ಕೊಳಲು ನುಡಿಸುತ್ತಾನೆ. ಚೆನ್ನಾಗಿಯೇ ನುಡಿಸುತ್ತಾನೆ.

ಇಂಥ ಉಜ್ವಲ ದಾಖಲೆಯಿದ್ದ ನನಗೆ ಒಂದು ಶುಕ್ರವಾರ, ರಜೆಯ ಬೆಳಗ್ಗೆ, ನಾದಿನಿ ನಳಿನಿಯ ಫೋನು ಬಂತು. ಅವಳ ಗಂಡ ಶ್ರೀಪತಿ, ಅಂದರೆ ನನ್ನ ಷಡ್ಡಕ, ಆಫ್ರಿಕಾದಲ್ಲಿ ಬಡವರ ಹಣಕಾಸಿನ ಕನ್ಸಲ್ಟೆಂಟು. ಅವಳು ಮೈಸೂರಿನಲ್ಲಿ ಮಗಳನ್ನು ಓದಿಸಿಕೊಂಡಿದ್ದಳು.

“ಭಾವ, ಇವರು ಊರಿಗೆ ಬರ್ತಾ ದಾರೀಲಿ ನಿಮ್ಮಲ್ಲಿ ಇಳೀತಾರೆ. ಮತ್ತೆ ಐದು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟಿದಾರಂತೆ, ಇನ್ನೂ ಸೈನ್ ಮಾಡಿಲ್ಲ. ಐದು ವರ್ಷ ಅಂದ್ರೆ ನಮ್ಮ ಪುಟ್ಟಿ ಹೈಸ್ಕೂಲು ಮುಗಿಸಿರ್ತಾಳೆ. ಮಲೇರಿಯಾ ಬಂದಿದ್ದು ಸಾಲ್ದಾ ಇವರಿಗೆ? ನಿಮ್ಮ ಮಾತು ಅಂದ್ರೆ ಅವರಿಗೆ ಗೌರವ. ಅಲ್ಲೇ ಮಸ್ಕತ್ತಲ್ಲಿ ಒಂದು ಕೆಲಸ ಕೊಡ್ಸಿ, ನಾವೂ ಬಂದು ಜೊತೇಲಿರ್ತೀವಿ.”

ಕೊನೆಯ ವಾಕ್ಯಕ್ಕೆ ಬರುವಾಗ ಅವಳ ದನಿ ಸ್ವಲ್ಪ ಇಳಿಯಿತು. ನಳಿನಿ ಅಳುವ ಪೈಕಿಯಲ್ಲ. ಆದ್ದರಿಂದ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, “ನೀನು ನಿಶ್ಚಿಂತೆಯಾಗಿರಮ್ಮ, ನಾನಿದ್ದೇನೆ” ಎಂದೆ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ಸುಮಿತ್ರ ಒಂದು ಸಲ ತಲೆಯೆತ್ತಿ ನೋಡಿ ಮತ್ತೆ ಸೊಪ್ಪಿಗೆ ಮರಳಿದಳು.

ಶ್ರೀಪತಿಯ ಕೆಲಸವೇನೆಂದು ಕೇಳಿದವರಿಗೆಲ್ಲ ನಾನು ಬ್ಯಾಂಕಿಂಗ್ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಎದುರು ಮನೆಯ ಸಂಜೀವ ಶೆಟ್ಟರು ಬಿಡಲಿಲ್ಲ. ಮರದ ಕೆಳಗೆ ಚಾಪೆ ಹಾಸಿ, ತರಕಾರಿ ಮಾರುವವರು, ಬಟ್ಟೆ ಹೊಲಿಯುವವರು, ಬೋಂಡ ಕರಿಯುವವರು ಇಂಥ ಹೆಂಗಸರನ್ನು ಕೂರಿಸಿ ಅವರ ಉಳಿತಾಯದಿಂದ ಅವರಿಗೇ ಸಾಲ ಸಿಗುವ ಹಾಗೆ ಮಾಡುತ್ತಾನೆ ಎಂದು ವಿವರಿಸಿದಾಗ ಶೆಟ್ಟರು, “ಕುರ್ಚಿ ಸಹ ಇಲ್ಲದ್ದು ಎಂಥ ಬ್ಯಾಂಕ್ ಮಾರಾಯ್ರೆ?” ಎಂದರು. ಅವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಶ್ರೀಪತಿ ಮೊಟ್ಟೆಯ ವಾಸನೆಯನ್ನೂ ತಡೆಯದ ಶುದ್ಧ ಸಸ್ಯಾಹಾರಿ. ಆದರೆ ಆಫ್ರಿಕಾದ ಹಲವು ಹಳ್ಳಿಗಳಲ್ಲಿ ಕೋಳಿಗಳ ಒಡೆಯ. ಗುಂಪು ಕಟ್ಟಿ ಮೇಲೆ ಬಂದ ಹೆಂಗಸರು ಪ್ರೀತಿಯಿಂದ ಕೋಳಿ ಕೊಡುತ್ತಾರೆ, ಬೇಡವೆಂದರೆ ಅವಮಾನ. ಇವನು ಎರಡು ಕೈಯಲ್ಲಿ ತೆಗೆದುಕೊಂಡು, “ನಾನು ಬರುವ ತನಕ ನೀವೇ ಸಾಕಿ” ಎಂದು ಹಿಂದಕ್ಕೆ ಕೊಟ್ಟು ಬರುತ್ತಾನೆ. ಮುಂದಿನ ಸಲ ಹೋದಾಗ ಅವನ ಕೋಳಿಗೆ ಮರಿಗಳಾಗಿರುತ್ತವೆ. ಕಾರು ಸಾಲದ ಕಂಪನಿಯಲ್ಲಿ ಇಷ್ಟು ಕಾಲ ಲೆಕ್ಕ ಬರೆದ ನನಗೆ ಒಬ್ಬ ಗಿರಾಕಿಯೂ ಒಂದು ಮೊಟ್ಟೆ ಕೊಟ್ಟಿಲ್ಲ. ಕೊಟ್ಟದ್ದೆಲ್ಲ ಶಾಪ.

ಶ್ರೀಪತಿ ಬಂದ. ಬಿಸಿಲಿಗೆ ಕಂದಿದ ಮುಖ, ಸವೆದ ಚಪ್ಪಲಿ, ನಳಿನಿಗೆಂದು ಮತ್ತೊಂದು ನಾರಿನ ಬುಟ್ಟಿ. ಮೈಸೂರಿನ ಮನೆಯಲ್ಲಿ ಈಗಾಗಲೇ ಬುಟ್ಟಿಗಳಿಗೊಂದು ಕೋಣೆ ಬೇಕಾಗಿದೆಯಂತೆ. ಬಂದ ಮರುದಿನವೇ ನಮ್ಮ ಕಟ್ಟಡದ ಕಾವಲುಗಾರ ಊರಿಗೆ ದುಡ್ಡು ಹೇಗೆ ಕಳಿಸುತ್ತಾನೆ, ಅವನ ತಂಗಿಗೆ ಯಾವ ಊರಿನ ಸಂಬಂಧ ಬಂದಿದೆ ಎಂಬುದೆಲ್ಲ ಇವನಿಗೆ ಗೊತ್ತಿತ್ತು. ನನಗೆ ಆ ಕಾವಲುಗಾರನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಸಂಜೆ ಬಾಲ್ಕನಿಯಲ್ಲಿ ಕೂರಿಸಿಕೊಂಡು ನನ್ನ ಉಪದೇಶ ಆರಂಭಿಸಿದೆ. ದೂರದಲ್ಲಿ ಸಮುದ್ರದ ನೀರು ಸಿಹಿ ಮಾಡುವ ಕಾರ್ಖಾನೆಯ ಚಿಮಣಿಗಳು ಹೊಗೆ ಬಿಡುತ್ತಿದ್ದವು.

“ನೋಡು ಶ್ರೀಪತಿ, ಮನುಷ್ಯನಿಗೆ ಒಂದು ವಯಸ್ಸಾದ ಮೇಲೆ ನೆಲೆ ಅಂತ ಬೇಕು.”

“ಹೌದು ಭಾವ” ಎಂದ ಶ್ರೀಪತಿ, “ನಿಮಗೆ ಕಷ್ಟ ಬಂದರೆ ಇಲ್ಲಿ ಮೊದಲು ಯಾರ ಬಾಗಿಲು ತಟ್ಟುತ್ತೀರಿ?” ಎಂದು ಕೇಳಿದ.

“ಶೆಟ್ಟರದು.”

“ನಿಮ್ಮ ಕಂಪನಿಯದಲ್ಲವೇ?”

“ಅದರ ಬಾಗಿಲು ಎಷ್ಟು ಗಟ್ಟಿ ಅಂತ ನನಗೇ ಗೊತ್ತಲ್ಲಪ್ಪ.”

ಅವನು ನಗಲಿಲ್ಲ. ಹಾಗಾದರೆ ನಿಮ್ಮ ಬಾಗಿಲು ಯಾರು ತಟ್ಟುತ್ತಾರೆ ಎಂದು ಕೇಳಿದ. ನಾನು ಹೇಳುತ್ತಾ ಹೋದೆ. ಕೆಲಸ ಹೋದವನಿಗೆ ವೀಸಾ ಉಳಿಸಲು ಕಫೀಲನ, ಅಂದರೆ ಅವನ ವೀಸಾಕ್ಕೆ ಹೊಣೆಯಾದ ಮಾಲೀಕನ ಮುಂದೆ ನಾನು ಗೋಗರೆದದ್ದು, ಶಾಲೆಯ ಫೀಸು ಕಟ್ಟಲಾಗದವರಿಗೆ ಕಟ್ಟಡದವರೆಲ್ಲ ಸೇರಿ ಹೊಂದಿಸಿದ್ದು, ಹೀಗೆ. ಊಟಕ್ಕೆ ಸುಮಿತ್ರ ಕರೆದಾಗಲೇ ನನಗೆ ಎಚ್ಚರವಾದದ್ದು: ಒಂದೂವರೆ ಗಂಟೆ ನಾನೇ ಮಾತಾಡಿದ್ದೆ, ಉಪದೇಶ ಮೊದಲ ವಾಕ್ಯದಲ್ಲೇ ನಿಂತಿತ್ತು. ಕೇಳುವುದೇ ಅವನ ಕಸುಬು ಎಂಬುದು ಆಗ ಹೊಳೆಯಿತು. ಬುದ್ಧಿ ಹೇಳುವವನಿಗೆ ಇದಕ್ಕಿಂತ ಅಪಾಯದ ಎದುರಾಳಿ ಇಲ್ಲ.

ಆದರೂ ನನ್ನ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. ನಮ್ಮ ಕಂಪನಿ ಬಾತಿನಾ ಕರಾವಳಿಯ ಮೀನುಗಾರರಿಗೆ ಸಣ್ಣ ಸಾಲ ಕೊಡುವ ಹೊಸ ವಿಭಾಗ ತೆರೆಯುವುದಿತ್ತು, ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ನಮ್ಮ ಜನರಲ್ ಮ್ಯಾನೇಜರ್ ಸಾಲಿಮ್ ಸಾಹೇಬರನ್ನು ಮನೆಗೆ ಚಹಾಕ್ಕೆ ಕರೆದೆ. ಆಫೀಸಿನಲ್ಲಿ ಸಂದರ್ಶನ ಮಾಡಿಸಿದರೆ ಶ್ರೀಪತಿ ಬರುತ್ತಿರಲಿಲ್ಲ. ಕೆಲಸದ ವಿಷಯ ಅವನಿಗೆ ಹೇಳಿಯೂ ಇರಲಿಲ್ಲ. ಹಾಗಾಗಿ ಇಡೀ ಕಾರ್ಯಕ್ರಮವನ್ನು ನಮ್ಮವರಿಗೆ ಗೊತ್ತಿರುವ ಒಂದೇ ಪದ್ಧತಿಯಲ್ಲಿ, ಹೆಣ್ಣು ನೋಡುವ ಶಾಸ್ತ್ರದಂತೆ ಏರ್ಪಡಿಸಿದೆ. ಉಪ್ಪಿಟ್ಟು, ಕೇಸರಿಭಾತು ತಯಾರಾದವು. ಸೋಫಾದ ಮೇಲೆ ಕಸೂತಿಯ ಬಟ್ಟೆ ಬಂತು. ಶ್ರೀಪತಿಗೆ ನನ್ನ ಇಸ್ತ್ರಿ ಮಾಡಿದ ಅಂಗಿ ತೊಡಿಸಿದೆ.

“ಕೊರಳಿಗೊಂದು ಸರ ಹಾಕಿಬಿಡಿ” ಎಂದಳು ಸುಮಿತ್ರ. “ಹಾಡು ಬರತ್ತಾ ಅಂತ ಕೇಳಿದರೆ?”

“ಅತ್ತಿಗೆ, ನನಗೆ ಹಾಡೂ ಬರುತ್ತೆ” ಎಂದ ಶ್ರೀಪತಿ. ಅವನಿಗೆ ಎಲ್ಲವೂ ತಿಳಿದಿತ್ತೆಂದು ಈಗ ಅನುಮಾನ.

ಸಾಹೇಬರು ಬಿಳಿಯ ದಿಶ್ದಾಶಾ ನಿಲುವಂಗಿಯಲ್ಲಿ ಬಂದು ಕೂತರು. ಮಿತಭಾಷಿ, ಆಫೀಸಿನಲ್ಲಿ ಅವರು ನಕ್ಕದ್ದನ್ನು ಕಂಡವರಿಲ್ಲ. ಎಲ್ಲಿ ಕೆಲಸ ಎಂದು ಕೇಳಿದರು. ಟಾಂಜಾನಿಯಾದ ಕರಾವಳಿಯಲ್ಲಿ ಎಂದ ಶ್ರೀಪತಿ. ಸಾಹೇಬರ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. ತಾವು ಹುಟ್ಟಿದ್ದು ಜಂಜಿಬಾರಿನಲ್ಲಿ, ಮಸ್ಕತ್ತಿಗೆ ಬಂದದ್ದು ಹುಡುಗನಾಗಿದ್ದಾಗ ಎಂದರು. ಇಷ್ಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದರೂ ನನಗೆ ಇದು ಗೊತ್ತಿರಲಿಲ್ಲ. ಶ್ರೀಪತಿ ತಟ್ಟನೆ ಎದ್ದು ನಿಂತು, ಸ್ವಲ್ಪ ಬಾಗಿ, “ಶಿಕಮೂ” ಎಂದ. ಹಿರಿಯರ ಪಾದಕ್ಕೆ ನಮಸ್ಕಾರ ಎಂಬರ್ಥದ ಸ್ವಾಹಿಲಿ ಮಾತಂತೆ. ಸಾಹೇಬರು “ಮರಹಬಾ” ಎಂದು ನಮಸ್ಕಾರ ಸ್ವೀಕರಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಾವೇ ಪರದೇಶಿಗಳಾದೆವು. ಸ್ವಾಹಿಲಿಯ ಪ್ರವಾಹ ಹರಿಯಿತು. ನಡುನಡುವೆ ಶ್ರೀಪತಿ ನಮಗಾಗಿ ಇಂಗ್ಲಿಷಿಗೆ ಇಳಿಯುತ್ತಿದ್ದ. ಸುಮಿತ್ರಳ ಸಾಂಬಾರ ಡಬ್ಬಿ ತರಿಸಿ ಅದನ್ನು ಗುಂಪಿನ ಹಣದ ಪೆಟ್ಟಿಗೆ ಮಾಡಿದ. ಆ ಪೆಟ್ಟಿಗೆಗೆ ಮೂರು ಬೀಗ, ಮೂರು ಬೀಗದ ಕೈ, ಮೂವರು ಹೆಂಗಸರ ಮನೆಯಲ್ಲಿ. ಮೂವರೂ ಬಂದು ಎಲ್ಲರೆದುರು ತೆರೆದರೆ ಮಾತ್ರ ತೆರೆಯುತ್ತದೆ. ಆ ಮೂವರನ್ನು ಹೇಗೆ ಆರಿಸುತ್ತೀರಿ ಎಂದು ನಾನು ಅಧಿಕಾರಯುತವಾಗಿ ಕೇಳಿದೆ.

“ಅವರೇ ಆರಿಸಿಕೊಳ್ಳುತ್ತಾರೆ ಭಾವ. ನಾನು ಮೊದಲು ಆಪ್ತ ಗೆಳತಿಯರಾದರೆ ಒಳ್ಳೆಯದು ಅಂದುಕೊಂಡಿದ್ದೆ. ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ಮಗೂ, ಒಬ್ಬರಿಗೊಬ್ಬರು ಮಾತು ಬಿಟ್ಟ ಮೂವರು ನಮ್ಮಲ್ಲಿದ್ದಾರೆ, ಅವರಿಗೇ ಕೊಡು, ಅವರೆಂದೂ ಸೇರಿ ಕದಿಯಲಾರರು ಅಂದಳು.”

ಸಾಲಿಮ್ ಸಾಹೇಬರು ಕೇಸರಿಭಾತಿನ ತಟ್ಟೆ ಕೆಳಗಿಟ್ಟು ನಕ್ಕರು. ದೊಡ್ಡ ನಗು. ಎದುರು ಮನೆಯ ಶೆಟ್ಟರು ಬಾಗಿಲು ತೆರೆದದ್ದು ಕೇಳಿಸಿತು. ಸಾಹೇಬರು ಹನಿಹನಿಗೂಡಿದರೆ ಹಳ್ಳ ಎಂಬ ಮಾತನ್ನೇ ತಮ್ಮ ಅಜ್ಜಿ ಸ್ವಾಹಿಲಿಯಲ್ಲಿ ಹೇಳುತ್ತಿದ್ದರೆಂದು ಹೇಳಿ, ಅದನ್ನು ರಾಗವಾಗಿ ಹೇಳಿಯೂ ತೋರಿಸಿದರು. ನಾನು ಶ್ರೀಪತಿಯ ಮುಖ ನೋಡಿದೆ. ಹಳ್ಳಿಯ ಆ ಅಜ್ಜಿಯ ಮಾತು ಹೇಳುವಾಗ ಅವನ ಮುಖದಲ್ಲಿದ್ದ ಬೆಳಕು ನಮ್ಮ ಆಫೀಸಿನ ಯಾವ ಮೇಜಿನ ಹಿಂದೆಯೂ ನಾನು ಕಂಡದ್ದಲ್ಲ. ಇವನನ್ನು ಎಸಿ ಕೋಣೆಯಲ್ಲಿ ಕೂರಿಸಲು ಹೊರಟಿದ್ದೇನಲ್ಲ ಎಂದು ಮನಸ್ಸು ಚುಚ್ಚಿತು. ಆದರೆ ಕಿವಿಯಲ್ಲಿ ನಳಿನಿಯ ಇಳಿದ ದನಿಯಿತ್ತು.

ಇಬ್ಬರೂ ಮತ್ತೆ ಸ್ವಾಹಿಲಿಗೆ ಏರಿದರು. ಈ ಬಾರಿ ಆಗಾಗ ನನ್ನತ್ತ ನೋಡುತ್ತಿದ್ದರು. ಸಾಹೇಬರು ನನ್ನ ಕಡೆ ತಿರುಗಿ ಏನೋ ಕೇಳುವ ಮುಖ ಮಾಡಿದರು. ಆತಿಥ್ಯದ ನಿಯಮದಂತೆ ನಾನು ಮುಗುಳ್ನಕ್ಕು ತಲೆಯಾಡಿಸಿದೆ. ಮತ್ತೊಮ್ಮೆ ನೋಡಿದರು. ಮತ್ತೊಮ್ಮೆ ಆಡಿಸಿದೆ, ಈ ಸಲ ಇನ್ನೂ ಗಂಭೀರವಾಗಿ.

ಅವರನ್ನು ಕಾರಿನವರೆಗೆ ಬಿಡಲು ಹೋದಾಗ ಕೇಳಿದೆ: “ಸರ್, ಹುಡುಗ ಹೇಗೆ?”

“ಮೂರ್ತಿ, ಅವನನ್ನು ತಂದು ಖುರುಮ್‌ನಲ್ಲಿ ಕೂರಿಸಿದರೆ ನನ್ನ ಅಜ್ಜಿ ಸ್ವರ್ಗದಲ್ಲಿ ನನ್ನ ಜೊತೆ ಮಾತು ಬಿಡುತ್ತಾಳೆ. ಅವನು ಅಲ್ಲಿಯೇ ಇರಲಿ.”

“ಹಾಗಾದರೆ ಆ ಹುದ್ದೆ?”

“ಅದು ಮುಗಿಯಿತಲ್ಲ. ನಿಮ್ಮ ಕಟ್ಟಡದಲ್ಲಿ ಎಲ್ಲರೂ ತಟ್ಟುವ ಬಾಗಿಲು ನಿಮ್ಮದೇ ಎಂದು ಅವನು ಹೇಳಿದ. ಮೀನುಗಾರರ ವಿಭಾಗಕ್ಕೆ ಅಂಥವರೇ ಬೇಕು. ಮೊದಲು ಒಂದು ತಿಂಗಳು ಟಾಂಜಾನಿಯಾದ ಹಳ್ಳಿಗಳಲ್ಲಿ ಅವನ ಜೊತೆ ಇದ್ದು ಕಲಿತು ಬನ್ನಿ. ನಿಮ್ಮನ್ನು ಕೇಳಿದೆನಲ್ಲ, ಎರಡು ಸಲ ಒಪ್ಪಿದಿರಿ. ಯಲ್ಲಾ, ಖಲಾಸ್.”

ಕಾರು ಹೊರಟುಹೋಯಿತು. ಹುಡುಗಿ ನೋಡಲು ಬಂದವರು ಕಾಫಿ ತಂದ ಅಕ್ಕನನ್ನು ಒಪ್ಪಿಕೊಂಡು ಹೋಗುವುದನ್ನು ಕೇಳಿದ್ದೆ. ಆ ಅಕ್ಕನಿಗೆ ಹೇಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ಮೇಲೆ ಬಂದಾಗ ಶ್ರೀಪತಿ ನನ್ನ ಅಂಗಿಯನ್ನು ಮಡಿಸಿಡುತ್ತಿದ್ದ.

“ಭಾವ, ತಪ್ಪು ತಿಳೀಬೇಡಿ. ಎಲ್ಲರೂ ನನಗೆ ವಾಪಸ್ ಬಾ ಅಂತಾರೆ. ನೀನು ಎಲ್ಲಿರ್ತೀಯ, ತೋರಿಸು ಅಂತ ಒಬ್ಬರೂ ಕೇಳಲಿಲ್ಲ. ನಳಿನಿಯನ್ನ ಎಷ್ಟು ಸಲ ಕರೆದೆ, ಹೆದರ್ತಾಳೆ. ನೀವಾದರೂ ಬಂದು ನೋಡಿ.”

ಕಾಂಟ್ರ್ಯಾಕ್ಟಿನ ಕಾಗದಕ್ಕೆ ಅವನು ಇನ್ನೂ ಸಹಿ ಹಾಕಿರಲಿಲ್ಲ. ನಳಿನಿ ಒಪ್ಪದೆ ಹಾಕುವುದಿಲ್ಲವೆಂದ. ಅದನ್ನು ಹೇಳುವಾಗ ಮುಖ ತಿರುಗಿಸಿಕೊಂಡಿದ್ದ.

ನಾದಿನಿಗೆ ಫೋನು ಮಾಡುವ ಧೈರ್ಯ ನನಗೆ ಮರುದಿನ ಸಂಜೆಗೆ ಬಂತು. ಕೆಲಸ ಅವನಿಗೆ ಸಿಗಲಿಲ್ಲ, ನನಗೆ ಸಿಕ್ಕಿತು, ನಾನು ಆಫ್ರಿಕಾಕ್ಕೆ ಹೋಗುತ್ತಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಕಣ್ಣು ಮುಚ್ಚಿಕೊಂಡೆ.

“ನೀವಾ ಭಾವ?” ಎಂದಳು ನಳಿನಿ. “ನೀವು ಹೋಗ್ತೀರಾ? ಬಾಟಲಿ ನೀರನ್ನೂ ಕಾಯಿಸಿ ಸೋಸಿ ಕುಡಿಯೋ ನೀವು?”

“ಹೋಗಲೇಬೇಕಾಗಿದೆ.”

ನಳಿನಿ ನಗುವುದು ಕೇಳಿಸಿತು. “ನೀವೇ ಹೋಗ್ತೀರಿ ಅಂದ್ರೆ ಅಲ್ಲಿ ಹೆದರೋ ಅಂಥದ್ದು ಏನೂ ಇಲ್ಲ ಅಂತಾಯ್ತು. ಪುಟ್ಟಿಗೆ ರಜಾ ಶುರುವಾಗತ್ತೆ, ನಾವೂ ಬರ್ತೀವಿ. ಅದೇನಿದೆಯೋ ನೋಡೇಬಿಡ್ತೀನಿ. ನೋಡಿದ ಮೇಲೆ ಸೈನ್ ಮಾಡ್ಲಿ ಅಂತ ಹೇಳಿ ಅವರಿಗೆ.”

ಹೇಳಲು ಅವಕಾಶವಾಗಲಿಲ್ಲ. ಶ್ರೀಪತಿ ನನ್ನ ಹಿಂದೆಯೇ ನಿಂತಿದ್ದ. ಫೋನನ್ನು ಅವನ ಕೈಗೆ ಕೊಟ್ಟೆ. ಕುಟುಂಬದ ಇತಿಹಾಸದಲ್ಲಿ ನನ್ನಿಂದ ಒಬ್ಬರ ಮನಸ್ಸು ಬದಲಾದದ್ದು ಅದೇ ಮೊದಲು. ಅದೂ ನನ್ನ ಬುದ್ಧಿಯಿಂದಲ್ಲ, ಪುಕ್ಕಲುತನದ ಖ್ಯಾತಿಯಿಂದ. ಈ ತಾತ್ವಿಕ ಅಂಶವನ್ನು ನಾನು ಯೋಚಿಸುತ್ತಿರುವಾಗ ಫೋನು ಸುಮಿತ್ರಳ ಕೈಗೆ ಹೋಗಿತ್ತು. ತಂಗಿ ಏನು ಕೇಳಿದಳೋ ತಿಳಿಯದು. ನನ್ನ ಹೆಂಡತಿ ನನ್ನ ಕಡೆ ನೋಡುತ್ತಲೇ ಉತ್ತರ ಕೊಟ್ಟಳು:

“ಹೂಂ ಕಣೆ, ನಾಳೆ ಹಳದಿ ಜ್ವರದ ಇಂಜೆಕ್ಷನ್. ಆಫೀಸಿನವರು ಆಸ್ಪತ್ರೆಗೆ ಇವರೊಬ್ಬರೇ ಬಂದ್ರೆ ಸಾಕು ಅಂದಿದಾರೆ. ಆದ್ರೂ ಇವರನ್ನ ಹಿಡ್ಕೊಳ್ಳೋಕೆ ನಾನು, ಶೆಟ್ಟರು ಇಬ್ಬರೂ ಹೋಗ್ತಾ ಇದೀವಿ.”